ಗುಡ್ಡದ ಊರಿಗೆ ಗಡಿ ಹಾಕಿದವರು ಯಾರು?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿ. ಮಗಳು ನಾರ್ವೆಯ ಕರಾವಳಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಇನ್ನೂರು ಜನರಿರುವ ದ್ವೀಪಕ್ಕೂ ತನ್ನದೇ ಸ್ಥಳೀಯ ಸರ್ಕಾರ ಇದೆ ಅನ್ನುತ್ತಾಳೆ. ನಾವಿಲ್ಲಿ ಪಂಚಾಯಿತಿ ಕಚೇರಿಗೆ ಹೋಗಬೇಕಾದರೆ ಎರಡು ಹಳ್ಳ ದಾಟಬೇಕು. ಈ ಗಡಿಗಳನ್ನು ಯಾವ ಲೆಕ್ಕದಲ್ಲಿ ಹಾಕಿದರು? ತಾತನ ಕಾಲದ ಕಾಗದಪತ್ರದಲ್ಲಿ ‘ಮಂಜರಾಬಾದ್ ತಾಲ್ಲೂಕು’ ಎಂದಿದೆ. ಅದು ಏನಾಯಿತು?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ತಾತನ ಮಂಜರಾಬಾದ್ ತಾಲ್ಲೂಕೇ ಇಂದಿನ ಸಕಲೇಶಪುರ ತಾಲ್ಲೂಕು. ವಿಜಯನಗರದ ಕಾಲದಿಂದ ಬೇಲೂರಿನ ನಾಯಕರ ಕೈಯಲ್ಲಿದ್ದ ಬಲಂ ಸೀಮೆಯ ಘಟ್ಟದ ಭಾಗ ಇದು. ಟಿಪ್ಪು ಸುಲ್ತಾನನ ವಿರುದ್ಧ ಮರಾಠರ ಪಡೆ ಬಂದಾಗ ಇಲ್ಲಿನ ಕೃಷ್ಣಪ್ಪ ನಾಯಕ ಮರಾಠರ ಜೊತೆ ಸೇರಿಕೊಂಡ. 1792ರಲ್ಲಿ ಯುದ್ಧ ಮುಗಿದ ಮೇಲೆ ಟಿಪ್ಪುವಿಗೆ ಅಂಜಿ ಕೊಡಗಿಗೆ ಓಡಿದ. ಟಿಪ್ಪು ಅವನನ್ನು ಕರೆಸಿ ಐಗೂರು ಸೀಮೆಯನ್ನು ಬಿಟ್ಟುಕೊಟ್ಟು, ಉಳಿದದ್ದನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡ. ಮಂಗಳೂರಿನ ಕಡೆಗೆ ಇಳಿಯುವ ದಾರಿಯ ಮೇಲೆ ಕಣ್ಣಿಡಲು ಎಂಟು ಮೂಲೆಯ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಎದ್ದದ್ದು ಈ ಕಾಲದಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಕೃಷ್ಣಪ್ಪನ ಮಗ ವೆಂಕಟಾದ್ರಿ ನಾಯಕ ಇಂಗ್ಲಿಷರಿಗೆ ತಲೆಬಾಗಲಿಲ್ಲ. ದಟ್ಟ ಕಾಡನ್ನೇ ಕೋಟೆ ಮಾಡಿಕೊಂಡು ಎರಡು ವರ್ಷಕ್ಕೂ ಹೆಚ್ಚು ಕಾಲ ಎದುರು ನಿಂತ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ಅವನನ್ನು ಹಿಡಿದು ಗಲ್ಲಿಗೇರಿಸಿತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಈ ವೆಲ್ಲೆಸ್ಲಿಯೇ. ಯುರೋಪಿನಲ್ಲಿ ಅವನಿಗೆ ಸಿಕ್ಕ ಕೀರ್ತಿಯ ನೂರರಲ್ಲೊಂದು ಪಾಲು ನಮ್ಮ ವೆಂಕಟಾದ್ರಿಗೆ ಹಾಸನ ಜಿಲ್ಲೆಯ ಶಾಲೆಗಳಲ್ಲಾದರೂ ಸಿಗಬೇಕಿತ್ತು.

ಆಮೇಲೆ ಈ ಸೀಮೆ ಮೈಸೂರು ಸಂಸ್ಥಾನದ ತಾಲ್ಲೂಕಾಯಿತು. ಹೆಸರು ಕೋಟೆಯದು, ಕಚೇರಿ ಮಾತ್ರ ಹೇಮಾವತಿಯ ದಡದ ಸಕಲೇಶಪುರದಲ್ಲಿ. ಘಟ್ಟದ ರಸ್ತೆ ಹೊಳೆ ದಾಟುವ ಜಾಗ ಅದು. 1843ರಿಂದ ಈಚೆಗೆ ಯುರೋಪಿಯನ್ನರ ಕಾಫಿ ತೋಟಗಳು ಬೆಳೆದಂತೆ ಪೇಟೆಯೂ ಬೆಳೆಯಿತು. ಕಾಲಕ್ರಮದಲ್ಲಿ ಕಚೇರಿಯಿದ್ದ ಊರಿನ ಹೆಸರೇ ತಾಲ್ಲೂಕಿಗೆ ನಿಂತಿತು. ಪಕ್ಕದ ಆಲೂರು ಬಹಳ ಕಾಲ ಉಪತಾಲ್ಲೂಕಾಗಿತ್ತು. ಈಗ ಅದು ಬೇರೆಯೇ ತಾಲ್ಲೂಕು, ಆದರೂ ವಿಧಾನಸಭೆಗೆ ಎರಡೂ ಸೇರಿ ಒಬ್ಬರೇ ಶಾಸಕರು.

ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಸಂಗತಿ ಇನ್ನೊಂದಿದೆ. ಹಳೆಯ ಮಂಜರಾಬಾದಿನೊಳಗೆ ನಾಡುಗಳಿದ್ದವು, ನಾಡಿನೊಳಗೆ ಮಂದೆಗಳು, ಒಂದೊಂದಕ್ಕೂ ವಂಶಪಾರಂಪರ್ಯದ ಗೌಡ ಅಥವಾ ಪಟೇಲ. ಇಲ್ಲಿನ ಮನೆಗಳು ಬಯಲುಸೀಮೆಯ ಹಾಗೆ ಒಂದೇ ಬೀದಿಯಲ್ಲಿ ಒತ್ತಾಗಿ ಕೂತಿಲ್ಲವಲ್ಲ. ತಗ್ಗಿನಲ್ಲಿ ಗದ್ದೆ, ಅದರ ಅಂಚಿಗೆ ಮನೆ, ಮೇಲೆ ಇಳಿಜಾರಿನಲ್ಲಿ ತೋಟ, ಅದರಾಚೆ ಕಾಡು. ಮುಂದಿನ ಮನೆ ಹಳ್ಳದ ಆ ಬದಿಗೆ. ಹೀಗಿರುವಾಗ ಯಾವ ಮನೆ ಯಾವ ಊರಿಗೆ ಸೇರಿದ್ದು ಎಂಬುದನ್ನು ಹಳ್ಳ, ದಿಣ್ಣೆ, ನಡೆಯುವ ದಾರಿ, ದೇವರ ಹಕ್ಕು ಇವು ತೀರ್ಮಾನಿಸುತ್ತಿದ್ದವು. ಇವತ್ತಿಗೂ ಸುಗ್ಗಿ ಬಂದಾಗ ಯಾರು ಯಾವ ದೇವರ ಬನಕ್ಕೆ ಸೇರಬೇಕೆಂದು ಯಾರೂ ಪಂಚಾಯಿತಿಯ ನಕ್ಷೆ ನೋಡುವುದಿಲ್ಲ. ಆ ವ್ಯವಸ್ಥೆ ನ್ಯಾಯದ್ದೆಂದು ನಾನು ಹೇಳುತ್ತಿಲ್ಲ. ಗೌಡರ ಜಗಲಿಯಲ್ಲಿ ಹೆಂಗಸರಿಗೆ ಮಾತಿರಲಿಲ್ಲ, ಗದ್ದೆಯಲ್ಲಿ ದುಡಿಯುವ ದಲಿತರಿಗೆ ಕೂರುವ ಜಾಗವೂ ಇರಲಿಲ್ಲ. ಆದರೆ ಅದು ನೆಲದ ಏರಿಳಿತವನ್ನು ತಿಳಿದಿತ್ತು.

ಈಗಿನ ಗಡಿ ನಿಂತಿರುವುದು ತಲೆ ಎಣಿಕೆಯ ಮೇಲೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯಿತಿಗಳು ಬಂದವು. ಹೆಂಗಸರಿಗೆ ಕಾಲುಭಾಗ ಸ್ಥಾನ ಮೀಸಲಿಟ್ಟ ದೊಡ್ಡ ಹೆಜ್ಜೆ ಅದು. ಆದರೆ ಮಂಡಲಗಳು ತುಂಬ ದೊಡ್ಡವಿದ್ದವು, ಎಂಟರಿಂದ ಹನ್ನೆರಡು ಸಾವಿರ ಜನಕ್ಕೆ ಒಂದು. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೆ ಬಂದ 1993ರ ಪಂಚಾಯತ್ ರಾಜ್ ಕಾಯ್ದೆ ಅವನ್ನು ಒಡೆದು, ಐದರಿಂದ ಏಳು ಸಾವಿರ ಜನಕ್ಕೆ ಒಂದು ಗ್ರಾಮ ಪಂಚಾಯಿತಿ ಎಂದಿತು.

ನೀವು ಗಮನವಿಟ್ಟು ಓದಬೇಕಾದದ್ದು ಇದರ ಮುಂದಿನ ಮಾತು. ಐದು ಸಾವಿರ ಜನ ಮಂಡ್ಯದ ಬಯಲಿನಲ್ಲಾದರೆ ಎರಡು ಮೂರು ಊರಿನಲ್ಲಿ ಸಿಗುತ್ತಾರೆ. ನಿಮ್ಮ ಹೋಬಳಿಯ ಬಿಸ್ಲೆಯ ಅಂಚಿನಲ್ಲಿ ಅಷ್ಟು ಜನರನ್ನು ಒಟ್ಟು ಮಾಡಲು ಎಷ್ಟು ಗುಡ್ಡ ಸೇರಿಸಬೇಕು ನೋಡಿ. ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ಹಾಸನವೂ ಸೇರಿದಂತೆ ಕೆಲವು ಜಿಲ್ಲೆಗಳ ಮಲೆನಾಡು ಭಾಗದಲ್ಲಿ 2,500 ಜನರಿದ್ದರೂ ಪಂಚಾಯಿತಿ ಮಾಡಬಹುದು ಎಂದು ಅದರಲ್ಲೇ ಬರೆದಿದ್ದಾರೆ. ಊರೊಂದರ ನಡುವಿನಿಂದ ಐದು ಕಿಲೋಮೀಟರ್ ತ್ರಿಜ್ಯದೊಳಗಿನ ಪ್ರದೇಶವನ್ನು ಜನಸಂಖ್ಯೆ ಎಷ್ಟೇ ಇರಲಿ ಪಂಚಾಯಿತಿಯಾಗಿ ಘೋಷಿಸುವ ಅವಕಾಶ ಸರ್ಕಾರಕ್ಕೂ ಇದೆ. ಗಡಿ ಘೋಷಿಸುವ ಅಧಿಕಾರ ಸಾಮಾನ್ಯವಾಗಿ ಜಿಲ್ಲಾಧಿಕಾರಿಯದು. ಹಾಗಾಗಿ ನಿಮ್ಮ ಎರಡು ಹಳ್ಳಗಳು ಯಾರೂ ಬದಲಿಸಲಾಗದ ವಿಧಿಯಲ್ಲ.

ಇನ್ನು ನಿಮ್ಮ ಮಗಳು ಹೇಳಿದ್ದು. ಆಕೆಯ ಮನಸ್ಸಿನಲ್ಲಿದ್ದದ್ದು ಬಹುಶಃ ಉತ್ಸೀರಾ, ಹಾವುಗೆಸುಂದ್ ಪಟ್ಟಣದ ಪಶ್ಚಿಮಕ್ಕೆ ಸಮುದ್ರದ ನಡುವಿರುವ ಪುಟ್ಟ ದ್ವೀಪ. ಜನ ಇನ್ನೂರರ ಆಸುಪಾಸು. 1924ರಲ್ಲಿ ಅದು ನೆರೆಯ ತೂರ್ವಸ್ತಾದಿನಿಂದ ಬೇರೆಯಾಗಿ ಸ್ವಂತ ಕೊಮ್ಯೂನ್, ಅಂದರೆ ತನ್ನದೇ ಸ್ಥಳೀಯ ಸರ್ಕಾರ, ಆಯಿತು. ಸಮುದ್ರ ಕೆರಳಿದರೆ ದೋಣಿ ಹೊರಡದ ಜಾಗದಲ್ಲಿ ಆಡಳಿತ ಆಚೆ ದಡದಲ್ಲಿದ್ದರೆ ಆಗದು ಎಂಬುದನ್ನು ಆ ದೇಶ ಒಪ್ಪಿಕೊಂಡಿತು. ನಾರ್ವೆಯ ಮೊದಲ ಮಹಿಳಾ ಮೇಯರ್ ಆಸಾ ಹೆಲ್ಗೆಸೆನ್ ಅಧಿಕಾರ ವಹಿಸಿಕೊಂಡದ್ದೂ ಇಲ್ಲೇ, 1926ರಲ್ಲಿ. ಆ ದೇಶದಲ್ಲಿ 1837ರಿಂದಲೇ ಸ್ಥಳೀಯ ಸರ್ಕಾರದ ಕಾನೂನಿದೆ, ಈಗ 357 ಕೊಮ್ಯೂನ್‌ಗಳಿವೆ. ಹತ್ತನೇ ತರಗತಿವರೆಗಿನ ಶಾಲೆ, ವಯಸ್ಸಾದವರ ಆರೈಕೆ, ಊರಿನ ಡಾಕ್ಟರು, ಕುಡಿಯುವ ನೀರು ಎಲ್ಲಕ್ಕೂ ಕೊಮ್ಯೂನೇ ಹೊಣೆ.

ಹಾಗಾದರೆ ದುಡ್ಡು ಎಲ್ಲಿಂದ? ನಮಗೂ ಅವರಿಗೂ ನಿಜವಾದ ಅಂತರ ಇರುವುದು ಇಲ್ಲಿ. ಅಲ್ಲಿ ಜನ ಕಟ್ಟುವ ಆದಾಯ ತೆರಿಗೆಯಲ್ಲೇ ಒಂದು ಪಾಲು ನೇರವಾಗಿ ಕೊಮ್ಯೂನಿಗೆ ಸೇರುತ್ತದೆ. ಕರಾವಳಿಯಲ್ಲಿ ಸಾಲ್ಮನ್ ಮೀನು ಸಾಕಣೆಗೆ ಹೊಸ ಪರವಾನಗಿ ಮಾರಿದಾಗ ಬರುವ ಹಣದಲ್ಲೂ ಆ ತೀರದ ಕೊಮ್ಯೂನಿಗೆ ಪಾಲಿದೆ. ಜಲಪಾತವನ್ನು ವಿದ್ಯುತ್ತಿಗೆ ಬಳಸಿದರೆ, 1917ರ ಕಾನೂನಿನಂತೆ, ಆ ನೀರಿನ ಊರಿಗೆ ವರ್ಷವರ್ಷ ಶುಲ್ಕ ಬರುತ್ತದೆ. ಜೊತೆಗೆ ಶೇ 10ರವರೆಗೆ ವಿದ್ಯುತ್ತನ್ನು ಕಡಿಮೆ ದರದಲ್ಲಿ ಪಡೆಯುವ ಹಕ್ಕೂ ಇದೆ.

ಇದನ್ನು ಸಕಲೇಶಪುರದ ಪಕ್ಕದಲ್ಲಿಟ್ಟು ನೋಡಿ. ನಮ್ಮ ಗ್ರಾಮ ಪಂಚಾಯಿತಿ ತೆರಿಗೆ ಹಾಕಬಹುದಾದದ್ದು ಕಟ್ಟಡಗಳಿಗೆ, ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿಗೆ. ಈ ಗುಡ್ಡಗಳ ಸಂಪತ್ತೆಲ್ಲ ಕಾಫಿ, ಮೆಣಸು, ಏಲಕ್ಕಿಯ ರೂಪದಲ್ಲಿ ತೋಟದೊಳಗಿದೆ. ಪಂಚಾಯಿತಿಯ ಲೆಕ್ಕಕ್ಕೆ ಸಿಗುವುದು ಬಂಗಲೆ, ಕಣದ ಬದಿಯ ಗೋದಾಮು, ಕೂಲಿಯವರ ಲೈನ್ ಮನೆ. ನೂರಾರು ಎಕರೆ ತೋಟವಿರುವ ಪಂಚಾಯಿತಿಗೂ ಬೀದಿದೀಪದ ಬಿಲ್ ಕಟ್ಟಲು ಅನುದಾನದ ದಾರಿ ಕಾಯುವ ಸ್ಥಿತಿ ಬರುವುದು ಹೀಗೆ.

ನೀರಿನದು ಇನ್ನೂ ಖಾರವಾದ ವಿಷಯ. ನಿಮ್ಮ ಹೋಬಳಿಯ ಬಿಸ್ಲೆ ಭಾಗದ ದಿಣ್ಣೆಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಬದಿಯದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಇನ್ನೊಂದು ಬದಿಯದು ಕಾವೇರಿಯ ಕಡೆ ತಿರುಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಂದಲೇ 24.01 ಟಿಎಂಸಿ ನೀರನ್ನು ಎತ್ತಿ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಕಡೆಗೆ ಒಯ್ಯುವುದು ಎತ್ತಿನಹೊಳೆ ಯೋಜನೆ. ಅದರ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಬಯಲಿನ ಬಾಯಾರಿಕೆ ಸುಳ್ಳಲ್ಲ, ಆ ಜನರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಆದರೆ ಗುಡ್ಡ ಅಗೆದದ್ದು, ಪೈಪು ಹಾಯ್ದದ್ದು ಯಾವ ಪಂಚಾಯಿತಿಗಳ ನೆಲದಲ್ಲೋ ಅವಕ್ಕೆ ಹರಿದು ಹೋಗುವ ನೀರಿನ ಮೇಲೆ ಹಕ್ಕಿನ ಪಾಲೆಂಬುದಿಲ್ಲ. ನೀರಷ್ಟೇ ಅಲ್ಲ, ಹೆದ್ದಾರಿ ಕೇಂದ್ರದ್ದು, ರೈಲು ಕೇಂದ್ರದ್ದು, ಆನೆ ಅರಣ್ಯ ಇಲಾಖೆಯದು. ಮಳೆಗಾಲದಲ್ಲಿ ದೋಣಿಗಲ್ ಬಳಿ ರಸ್ತೆ ಕುಸಿದರೆ, ಆಲೂರಿನ ಗದ್ದೆಗೆ ಆನೆ ಹಿಂಡು ಇಳಿದರೆ ಜನ ಮೊದಲು ಹಿಡಿದು ಕೇಳುವುದು ಪಂಚಾಯಿತಿ ಸದಸ್ಯರನ್ನೇ, ಅವರ ಕೈಯಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ. ಅವರ ಮಾತನ್ನು ಮೇಲಕ್ಕೆ ಒಯ್ಯಬೇಕಾದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇದು ರಾಜ್ಯಕ್ಕೆ ತಲೆತಗ್ಗಿಸುವ ವಿಷಯ.

ನಿಮಗೆ ಪ್ರತ್ಯೇಕ ಪಂಚಾಯಿತಿ ಬೇಕೆನಿಸಿದರೆ ಕೆಲಸ ಶುರುವಾಗುವುದು ಗ್ರಾಮಸಭೆಯಲ್ಲಿ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕೆಂದು ಕಾಯ್ದೆ ಹೇಳುತ್ತದೆ. ಯಾವ ಯಾವ ಊರುಗಳು ಒಟ್ಟಾಗಬೇಕು, ಜನ ಎಷ್ಟು, ಮಳೆಗಾಲದಲ್ಲಿ ಈಗಿನ ಕಚೇರಿಗೆ ಎಷ್ಟು ದೂರ ಸುತ್ತಬೇಕು ಎಂಬುದನ್ನು ಬರೆದು, ಮಲೆನಾಡಿನ 2,500ರ ವಿನಾಯಿತಿಯನ್ನು ಹೆಸರಿಸಿ ನಿರ್ಣಯ ಮಾಡಿಸಿ, ಅದರ ನಕಲಿನೊಂದಿಗೆ ಹಾಸನದ ಜಿಲ್ಲಾಧಿಕಾರಿಗೆ ಮನವಿ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.