‘ಒಂದೆರಡು ಕಡೆ ಮಳೆ’ ಅಂದ್ರೆ ಯಾವ ಕಡೆ?

ಹೋದ ವರ್ಷ ಏಪ್ರಿಲ್‌ನಲ್ಲಿ ಇಂಟರ್ನಲ್ಸ್ ನಡೀತಿದ್ದಾಗ ನಮ್ಮ ಗ್ಯಾಂಗಿನ ಒಬ್ಬ ಗೆಳೆಯನಿಗೆ ಅವರ ಅಪ್ಪಾಜಿ ಫೋನ್ ಮಾಡಿದ್ರು. ಊರು ಹರಿಹರ ತಾಲ್ಲೂಕು, ಮಲೇಬೆನ್ನೂರು ಕಡೆ. ಬೇಸಿಗೆ ಭತ್ತ ಕೊಯ್ದು ರೋಡಿನ ಮೇಲೆ ಒಣಗೋಕೆ ಹಾಕಿದ್ರು. “ಮೊಬೈಲ್‌ನಾಗೆ ನೋಡಿ ಹೇಳಪ್ಪಾ, ಇವತ್ತು ಮಳೆ ಐತೋ ಇಲ್ಲೋ?”

ಹವಾಮಾನ ಇಲಾಖೆ ಮುನ್ಸೂಚನೆ ತೆಗೆದ್ವಿ. ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ’ ಅಂತಿತ್ತು. ಒಂದೆರಡು ಕಡೆ ತಾನೇ, ನಿಮ್ಮೂರೇ ಯಾಕಾಗುತ್ತೆ, ಬರಲ್ಲ ಬಿಡಿ ಅಂಕಲ್ ಅಂತ ಸ್ಪೀಕರ್‌ನಲ್ಲೇ ಧೈರ್ಯ ಹೇಳಿದ್ವಿ. ಸಂಜೆ ಐದೂವರೆಗೆ ಅಲ್ಲಿ ಮಳೆ ಸುರಿದು ಅರ್ಧ ಭತ್ತ ನೆನೀತು. ದಾವಣಗೆರೆಯಲ್ಲಿ, ನಮ್ಮ ಹಾಸ್ಟೆಲ್ ಮುಂದೆ, ಬರೀ ಧೂಳು ಗಾಳಿ. ಅವರು ನಮ್ಮನ್ನ ಬೈಲಿಲ್ಲ. ಮುನ್ಸೂಚನೆ ಸರಿಯಾಗೇ ಇತ್ತು, ನಮಗೆ ಓದೋಕೆ ಬಂದಿರಲಿಲ್ಲ. ಆಮೇಲೆ ಕೂತು ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ.

‘ಒಂದೆರಡು ಕಡೆ’ ಅನ್ನೋದು ಮಾತಿಗೆ ಬಳಸಿದ ಪದ ಅಲ್ಲ, ಅದಕ್ಕೊಂದು ಅಳತೆ ಇದೆ. ಒಂದು ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ ಬಿದ್ದರೆ ‘ಒಂದೆರಡು ಕಡೆ’. ಶೇ 26ರಿಂದ 50 ಆದರೆ ‘ಕೆಲವು ಕಡೆ’, 51ರಿಂದ 75 ‘ಹಲವು ಕಡೆ’, ಅದಕ್ಕೂ ಮೇಲೆ ‘ಬಹುತೇಕ ಕಡೆ’. ಅಂದ್ರೆ ನಾವು ‘ಇಲ್ಲ’ ಅಂತ ಓದಿದ್ದು, ನಾಲ್ಕು ಊರಲ್ಲಿ ಒಂದು ಊರಿನವರೆಗೂ ಹೋಗಬಹುದಾದ ಮಾತು. ಇದು ಪ್ರಾಬಬಿಲಿಟಿ ಕ್ಲಾಸಿನ ಲೆಕ್ಕದಷ್ಟು ಪಕ್ಕಾ ಅಲ್ಲ ನಿಜ, ಆದ್ರೂ ರೋಡಿನ ಮೇಲೆ ಭತ್ತ ಇದ್ದವರಿಗೆ ಇದು ಸಣ್ಣ ಸಂಖ್ಯೆ ಅಲ್ಲ. ಇನ್ನೊಂದು ವಿಷಯ: ಇಲಾಖೆಯ ಲೆಕ್ಕದಲ್ಲಿ ‘ಇವತ್ತು’ ಮುಗಿಯೋದು ರಾತ್ರಿ ಹನ್ನೆರಡಕ್ಕಲ್ಲ, ಮರುದಿನ ಬೆಳಿಗ್ಗೆ 8.30ಕ್ಕೆ.

ಪ್ರದೇಶದ ಗೆರೆನೂ ಮಜವಾಗಿದೆ. ದಾವಣಗೆರೆ ಜಿಲ್ಲೆ ದಕ್ಷಿಣ ಒಳನಾಡಿಗೆ ಸೇರುತ್ತೆ, ಹಾವೇರಿ ಜಿಲ್ಲೆ ಉತ್ತರ ಒಳನಾಡಿಗೆ. ಹರಿಹರದಲ್ಲಿ ತುಂಗಭದ್ರಾ ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಹೋದರೆ ಮುನ್ಸೂಚನೆಯ ಪ್ಯಾರಾನೇ ಬೇರೆ! ಮೋಡಕ್ಕೆ ಇದೆಲ್ಲ ಗೊತ್ತಿಲ್ಲ. ಹರಿಹರದವರು ಎರಡೂ ಸಾಲು ಓದೋದು ಒಳ್ಳೇದು.

ಹಾಗಾದ್ರೆ ಅಲ್ಲಿ ಮಳೆ, ಇಲ್ಲಿ ಧೂಳು ಯಾಕೆ? ಒಂದು ಗುಡುಗು ಮೋಡದ ಅಗಲ ಸಾಮಾನ್ಯವಾಗಿ 5ರಿಂದ 10 ಕಿಲೋಮೀಟರ್, ಆಯಸ್ಸು ಅರ್ಧದಿಂದ ಒಂದು ಗಂಟೆ. ದಾವಣಗೆರೆಗೂ ಹರಿಹರಕ್ಕೂ ಮಧ್ಯೆ ಸುಮಾರು 14 ಕಿಲೋಮೀಟರ್. ಒಂದೇ ಮೋಡ ಎರಡೂ ಊರನ್ನ ಒಟ್ಟಿಗೆ ನೆನೆಸೋದೇ ಕಷ್ಟ.

ಧೂಳಿನ ಕಥೆಗೆ ಸ್ವಲ್ಪ ಲೆಕ್ಕ ಬೇಕು. ಬಿಸಿಯಾದ ಗಾಳಿ ಮೇಲೇರುವಾಗ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣ್ಣಗಾಗುತ್ತೆ. ತಣ್ಣಗಾಗ್ತಾ ಅದರೊಳಗಿನ ಆವಿ ಹನಿಯಾಗೋ ಎತ್ತರವೇ ಮೋಡದ ತಳ. ಅದನ್ನ ಅಂದಾಜು ಮಾಡೋಕೆ ಸುಲಭ ಸೂತ್ರ ಇದೆ: ತಾಪಮಾನದಿಂದ ಡ್ಯೂ ಪಾಯಿಂಟ್ ಕಳೆದು 125ರಿಂದ ಗುಣಿಸಿದರೆ ಎತ್ತರ ಮೀಟರ್‌ಗಳಲ್ಲಿ ಸಿಗುತ್ತೆ. ಮಧ್ಯಾಹ್ನ 39 ಡಿಗ್ರಿ, ಡ್ಯೂ ಪಾಯಿಂಟ್ 19 ಇದೆ ಅಂದ್ಕೊಳ್ಳಿ. 20 × 125 = 2500 ಮೀಟರ್. ಅಂದ್ರೆ ಮಳೆಹನಿ ಎರಡೂವರೆ ಕಿಲೋಮೀಟರ್ ಒಣ ಬಿಸಿ ಗಾಳಿ ದಾಟಿ ಬರಬೇಕು. ಬಹಳಷ್ಟು ಹನಿ ದಾರಿಯಲ್ಲೇ ಆವಿಯಾಗುತ್ತೆ, ಆವಿಯಾಗ್ತಾ ಸುತ್ತಲ ಗಾಳಿಯ ಶಾಖ ಹೀರುತ್ತೆ. ತಣ್ಣಗಾದ ಗಾಳಿ ಭಾರವಾಗಿ ಧೊಪ್ಪಂತ ಕೆಳಗೆ ಬಿದ್ದು, ನೆಲಕ್ಕೆ ಬಡಿದು ಸುತ್ತ ಹರಡುತ್ತೆ. ಮಳೆ ಎಲ್ಲೋ ಇದ್ರೂ ನಮ್ಮ ಹಾಸ್ಟೆಲಿನ ಬಟ್ಟೆ ಹಾರಿಸಿಕೊಂಡು ಹೋಗೋದು ಈ ಗಾಳಿನೇ. (ಥರ್ಮೋಡೈನಮಿಕ್ಸ್ ಯಾಕೆ ಓದ್ಬೇಕು ಅಂತ ಕೇಳೋರು ತಮ್ಮ ಟವೆಲ್ ಹುಡುಕಿಕೊಂಡು ಬರಲಿ.)

ಅಂದಹಾಗೆ, 39 ಡಿಗ್ರಿಗೇ ನಾವೆಲ್ಲ ಸ್ಟೇಟಸ್‌ನಲ್ಲಿ ‘ಹೀಟ್ ವೇವ್’ ಅಂತ ಹಾಕ್ತೀವಿ. ಬಯಲು ಪ್ರದೇಶದಲ್ಲಿ ಇಲಾಖೆ ಹಾಗೆ ಕರೀಬೇಕಾದ್ರೆ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದ್ರೂ ಜಾಸ್ತಿ ಇರಬೇಕು. ಅಥವಾ ನೇರವಾಗಿ 45 ದಾಟಬೇಕು. ಹಂಗಂತ 39ಕ್ಕೆ ಮಟಮಟ ಮಧ್ಯಾಹ್ನ ಕ್ರಿಕೆಟ್ ಆಡಿ ಅಂತ ಹೇಳ್ತಿಲ್ಲ.

ಸಿಡಿಲಿನ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ಭತ್ತ ನೆನೆದರೆ ಮತ್ತೆ ಒಣಗಿಸಬಹುದು. ಶಬ್ದ ಒಂದು ಕಿಲೋಮೀಟರ್ ಬರೋಕೆ ಸುಮಾರು 3 ಸೆಕೆಂಡ್ ಬೇಕು. ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಗ್ರೌಂಡ್ ಬಿಟ್ಟು ಕಟ್ಟಡದೊಳಗೆ ಹೋಗಿ. ಕೊನೇ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಮರದ ಕೆಳಗೆ ನಿಲ್ಲೋದು ಎಲ್ಲಕ್ಕಿಂತ ಕೆಟ್ಟದ್ದು. ಕಿಟಕಿ ಮುಚ್ಚಿದ ಬಸ್ಸು, ಕಾರು ಪರವಾಗಿಲ್ಲ, ಫ್ಯಾರಡೆ ಕೇಜ್ ನೆನಪಿರಬೇಕಲ್ಲ. ಬೈಕ್ ರಕ್ಷಣೆ ಕೊಡಲ್ಲ. ಪುಣೆಯ ಐಐಟಿಎಂ ಮಾಡಿರೋ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲನ್ನ ತೋರಿಸುತ್ತೆ, ಮನೆಯವರ ಫೋನಿಗೂ ಹಾಕಿಕೊಡಿ.

ಬೆಳಗಿನ ಮುನ್ಸೂಚನೆ ನೋಡಿ ಇಡೀ ದಿನ ಸುಮ್ಮನಿರೋದೂ ನಮ್ಮ ತಪ್ಪೇ ಆಗಿತ್ತು. ಯಾವ ಊರಿನ ಮೇಲೆ ಮೋಡ ಕಟ್ಟುತ್ತೆ ಅಂತ ಬೆಳಿಗ್ಗೆಯೇ ಹೇಳೋಕಾಗಲ್ಲ. ಅದಕ್ಕೇ ಇಲಾಖೆ ಮುಂದಿನ ಮೂರು ಗಂಟೆಗೆ ಅಂತ ‘ನೌಕಾಸ್ಟ್’ ಕೊಡುತ್ತೆ. ಮಧ್ಯಾಹ್ನದ ಮೇಲೆ ನೋಡಬೇಕಾದ್ದು ಅದನ್ನ.

ಈ ಸಲ ಭರಣಿ ಮಳೆ ಹೊತ್ತಿಗೆ ಅಂಕಲ್ ಮತ್ತೆ ಫೋನ್ ಮಾಡಿದ್ರು. ಮುನ್ಸೂಚನೆಯಲ್ಲಿ ಅದೇ ‘ಒಂದೆರಡು ಕಡೆ’. ಬರುತ್ತೆ, ಬರಲ್ಲ ಎರಡೂ ಹೇಳಲಿಲ್ಲ. “ಅಂಕಲ್, ತಾಡಪಾಲು ಭತ್ತದ ಪಕ್ಕದಲ್ಲೇ ಇಟ್ಕೊಂಡಿರಿ. ಮೂರು ಗಂಟೆಗೆ ನೋಡಿ ನಾವೇ ಫೋನ್ ಮಾಡ್ತೀವಿ” ಅಂದ್ವಿ. ಮೂರಕ್ಕೆ ಮಾಡಿದ್ವಿ, ನಾಲ್ಕೂವರೆಗೆ ಇನ್ನೊಮ್ಮೆ ಮಾಡಿದ್ವಿ. ಆವತ್ತು ಅವರೂರಲ್ಲಿ ಒಂದು ಹನಿನೂ ಬೀಳಲಿಲ್ಲ. ದಾವಣಗೆರೆಯಲ್ಲಿ ನಾವು ಲ್ಯಾಬ್‌ನಿಂದ ಹಾಸ್ಟೆಲಿಗೆ ನೆನ್ಕೊಂಡೇ ಬಂದ್ವಿ.