ಡೆಕ್ ಮೆತ್ತಗಾದರೆ ತಡಮಾಡಬೇಡಿ

ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಮೊದಲು ಅದರ ಡೆಕ್ ಮೇಲೆ ನಿಧಾನವಾಗಿ ನಡೆದು ನೋಡಬೇಕು. ಹೆಜ್ಜೆಯಡಿ ಎಲ್ಲಾದರೂ ತಗ್ಗಿದರೆ ಒಳಗೆ ನೀರಿಳಿದಿರುವ ಸಾಧ್ಯತೆ ಹೆಚ್ಚು.

1959ರಲ್ಲಿ ಅಮೆರಿಕದ ಪೇಟೆಗೆ ಬಂದ ಪಿಯರ್ಸನ್ ಟ್ರೈಟನ್, 1970ರ ದಶಕದ ಜೆ-24 ಮುಂತಾದ ದೋಣಿಗಳ ಡೆಕ್ ಪೂರ್ತಿ ಫೈಬರ್‌ಗ್ಲಾಸ್ ಅಲ್ಲ. ಎರಡು ತೆಳು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿರುತ್ತದೆ. ಕಂಬಿ, ಕೊಕ್ಕೆಗಳನ್ನು ಬಿಗಿದ ಬೋಲ್ಟುಗಳ ಸುತ್ತಲಿನ ಸೀಲಂಟ್ ಹಳತಾದರೆ ಮಳೆನೀರು ಅಲ್ಲಿಂದಲೇ ಒಳಸೇರಿ ಮರವನ್ನು ಕೊಳೆಸುತ್ತದೆ.

ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಹಾಳಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಆ ಗಡಿಯನ್ನು ಗುರುತು ಹಾಕಿಕೊಳ್ಳಿ.

ತೂತು ಕೊರೆದು ಒದ್ದೆ ಮರಕ್ಕೆ ಎಪಾಕ್ಸಿ ತುಂಬುವ ಅಡ್ಡದಾರಿ ಬೇಡ. ನೆನೆದ ಮರಕ್ಕೆ ಅದು ಅಂಟುವುದಿಲ್ಲ. ಮೇಲಿನ ಪದರವನ್ನು ಕತ್ತರಿಸಿ ತೆಗೆದು, ಕೊಳೆತದ್ದನ್ನೆಲ್ಲ ಕೆರೆದು, ಸುತ್ತಲಿನ ಮರ ಪೂರ್ತಿ ಒಣಗುವವರೆಗೆ ಕಾಯಬೇಕು. ನಂತರ ಮಂದವಾಗಿ ಕಲಸಿದ ಎಪಾಕ್ಸಿಯಲ್ಲಿ ಹೊಸ ಬಾಲ್ಸಾ ಕೂರಿಸಿ, ತೆಗೆದ ಪದರವನ್ನು ಮತ್ತೆ ಅಂಟಿಸಬಹುದು. ಕತ್ತರಿಸಿದ ಅಂಚನ್ನು ಪದರದ ದಪ್ಪದ ಸುಮಾರು 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಅದರ ಮೇಲೆ ಹೊಸ ಗಾಜಿನ ಬಟ್ಟೆ ಹಾಸಿದರೆ ಬೆಸುಗೆ ಭದ್ರ.

ಉಜ್ಜುವಾಗ ಏಳುವ ಗಾಜಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಮಾಸ್ಕ್, ಕನ್ನಡಕ, ಕೈಗವಸು ಕಡ್ಡಾಯ.

ಕೊನೆಯದಾಗಿ, ಪ್ರತಿ ಬೋಲ್ಟಿನ ತೂತನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆಯಿರಿ. ಈ ಕೆಲಸವನ್ನು ಮಾತ್ರ ಬಿಡಬೇಡಿ. ಮುಂದೆ ಸೀಲಂಟ್ ಸೋತರೂ ನೀರು ಮರವನ್ನು ಮುಟ್ಟದು.