ರಾತ್ರಿಯ ಪಟ್ಟಿಗೂ ದುಡ್ಡು ಎತ್ತಿಡಿ

ನನ್ನ ಮಗಳಿಗೆ ಟೈಪ್ 1 ಮಧುಮೇಹ. ಊಟಕ್ಕೆ ಮುಂಚೆ, ಮಲಗುವ ಮುಂಚೆ ಬೆರಳು ಚುಚ್ಚಿ ಶುಗರ್ ನೋಡಬೇಕು, ಇನ್ಸುಲಿನ್ ಕೊಡಬೇಕು. ನಮ್ಮದು ಉಜ್ಜಿನಿಯಲ್ಲಿ ಮಳೆ ನಂಬಿದ ಹೊಲ. ಮೆಕ್ಕೆಜೋಳ, ಶೇಂಗಾ ಕೊಟ್ಟೂರಿನ ಎಪಿಎಂಸಿಗೆ ಹೋದಾಗಲೇ ಕೈಯಲ್ಲಿ ದುಡ್ಡು ಕಾಣುವುದು. ಕಾಯಿಲೆ ದಿನಾ ಕೇಳುತ್ತದೆ, ದುಡ್ಡು ಸುಗ್ಗಿಗೊಮ್ಮೆ ಬರುತ್ತದೆ. ನಮ್ಮಂಥ ಮನೆಗಳಲ್ಲಿ ಅಪ್ಪ ಅವ್ವಂದಿರ ಸಂಕಟ ಅರ್ಧಕ್ಕರ್ಧ ಹುಟ್ಟುವುದು ಇಲ್ಲೇ.

ಲೆಕ್ಕ ಹೇಳುತ್ತೇನೆ. ಮಗಳಿಗೆ ದಿನಕ್ಕೆ ಸುಮಾರು 25 ಯೂನಿಟ್ ಇನ್ಸುಲಿನ್ ಬೇಕು. 10 ಎಂಎಲ್ ಸೀಸೆಯಲ್ಲಿ 400 ಯೂನಿಟ್ ಇರುವುದರಿಂದ ತಿಂಗಳಿಗೆ ಎರಡು ಸೀಸೆ ಸಾಕು. ಮಾಮೂಲಿ ಹ್ಯೂಮನ್ ಇನ್ಸುಲಿನ್ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಅದರ ಬೆಲೆಗೆ ಸರ್ಕಾರ ಮಿತಿ ಹಾಕಿದೆ. ಎರಡಕ್ಕೂ ಸೇರಿ ಮುನ್ನೂರರ ಆಸುಪಾಸು. ಜೇಬು ಖಾಲಿ ಮಾಡುವುದು ಶುಗರ್ ನೋಡುವ ಪಟ್ಟಿ. ನಮಗೆ ಒಂದಕ್ಕೆ 15ರಿಂದ 20 ರೂಪಾಯಿ ಬೀಳುತ್ತದೆ. ದಿನಕ್ಕೆ ನಾಲ್ಕು ಅಂದರೂ ತಿಂಗಳಿಗೆ 1,800ರಿಂದ 2,400. ಔಷಧಿಗಿಂತ, ಔಷಧಿ ಎಷ್ಟು ಕೊಡಬೇಕು ಎಂದು ತಿಳಿಯುವುದಕ್ಕೇ ಆರೇಳು ಪಟ್ಟು ಖರ್ಚು.

ಇದರಲ್ಲಿ ರಾತ್ರಿಯ ಪಟ್ಟಿ ಸೇರಿಲ್ಲ.

ನಡುರಾತ್ರಿ ಮಗಳ ಕುತ್ತಿಗೆ ಮುಟ್ಟಿದರೆ ಬೆವರು. ಬೇಸಿಗೆಯ ಸೆಕೆಯೋ, ಶುಗರ್ ಇಳಿದಿದೆಯೋ? ಕೈಯಿಂದ ಮುಟ್ಟಿ ಹೇಳಲು ಯಾರಿಂದಲೂ ಆಗದು. ಮೊಬೈಲ್ ಬೆಳಕಿನಲ್ಲಿ ಬೆರಳಿನ ಪಕ್ಕಕ್ಕೆ ಚುಚ್ಚುತ್ತೇನೆ, ತುದಿಗೆ ಚುಚ್ಚಿದರೆ ಬೆಳಿಗ್ಗೆ ಪೆನ್ಸಿಲ್ ಹಿಡಿಯುವಾಗ ನೋಯುತ್ತದೆ. ಮೀಟರಿನಲ್ಲಿ ಐದು, ನಾಲ್ಕು, ಮೂರು ಎಂದು ಇಳಿಯುವಷ್ಟು ಹೊತ್ತು ಇಬ್ಬರೂ ಉಸಿರು ಬಿಡುವುದಿಲ್ಲ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಇನ್ನೊಂದು ಪಟ್ಟಿ. ಸರಿಯಿದ್ದರೆ, "ಮಲಗೋ ಮುಂದ ನೋಡಿದ್ದೆಲ್ಲ, ಮತ್ತ್ಯಾಕ ಪಟ್ಟಿ ಕೆಡಿಸಿದಿ?" ಎನ್ನುತ್ತಾರೆ ಯಜಮಾನರು. ಅವರಿಗೆ ಪ್ರೀತಿ ಕಡಿಮೆ ಎಂದಲ್ಲ, ತಿಂಗಳ ಕೊನೆಗೆ ಪಟ್ಟಿ ಮುಗಿದು ಹೋದೀತೆಂಬ ಹೆದರಿಕೆ. ನನಗೆ ಬೆಳಗಾಗುವುದರೊಳಗೆ ಏನಾದೀತೋ ಎಂಬ ಹೆದರಿಕೆ. ಇಂಥ ಮನೆಗಳಲ್ಲಿ ಗಂಡ ಹೆಂಡಿರ ಎಷ್ಟೋ ಜಗಳ ಹೀಗೆ ಇಪ್ಪತ್ತು ರೂಪಾಯಿಯ ವೇಷ ಹಾಕಿಕೊಂಡು ಬರುತ್ತವೆ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಇದೆ. ಮಾಲು ಮಾರಿದ ದಿನವೇ, ಗೊಬ್ಬರದಂಗಡಿಯ ಬಾಕಿಗೂ ಮೊದಲು, ವರ್ಷದ ಇನ್ಸುಲಿನ್ ಮತ್ತು ಪಟ್ಟಿಯ ದುಡ್ಡನ್ನು ಅಂಚೆ ಕಚೇರಿಯ ಬೇರೆ ಖಾತೆಗೆ ಹಾಕುತ್ತೇವೆ. ಸಾಮಾನನ್ನೇ ಒಮ್ಮೆಲೇ ತಂದಿಡುವುದು ಬೇಡ. ಪಟ್ಟಿಗೂ ಇನ್ಸುಲಿನ್ನಿಗೂ ಅವಧಿ ಇದೆ, ನಮ್ಮ ಬಿಸಿಲು ಎರಡಕ್ಕೂ ಆಗಿಬರುವುದಿಲ್ಲ. ಕರೆಂಟ್ ಹೋದರೆ ಸೀಸೆ ನೀರು ತಾಗದಂತೆ ಒದ್ದೆ ಮಡಕೆಯ ತಂಪಿನಲ್ಲಿರುತ್ತದೆ. ರಾತ್ರಿಗೆಂದೇ ಪಟ್ಟಿಯ ಇನ್ನೊಂದು ಡಬ್ಬಿ ಇದೆ. ಅದರ ಲೆಕ್ಕವನ್ನು ಇಬ್ಬರೂ ಕೇಳಕೂಡದು. ತಿಂಗಳಿಗೆ ಐನೂರು ಹೆಚ್ಚಿಗೆ ಹೋಗುತ್ತದೆ, ಹೋಗಲಿ. ಆ ಐನೂರಕ್ಕೆ ನಿದ್ದೆ ಬರುತ್ತದೆ.

ಕಾಯಿಲೆ ಮುಚ್ಚಿಡುವುದಕ್ಕೂ ಖರ್ಚಿದೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಹೆಣ್ಣುಡುಗಿ, ನಾಳೆ ಲಗ್ನ ಮಾಡಬೇಕು, ಹೊರಗ ಗೊತ್ತಾಗಬಾರದು" ಎಂದು ಹಿರಿಯರು ಹೇಳುತ್ತಾರೆ. ಆ ಮಾತು ಕೇಳಿದರೆ ಕೊಟ್ಟೂರಿನಲ್ಲಿ ಸಿಗುವ ಪಟ್ಟಿಗೆ ದಾವಣಗೆರೆ ಬಸ್ ಹತ್ತಬೇಕು. ಮೇಷ್ಟ್ರಿಗೆ ಹೇಳದ ಕಾರಣ ತಾಯಿ ಕೂಲಿ ಬಿಟ್ಟು ಶಾಲೆಯ ಕಟ್ಟೆ ಕಾಯಬೇಕು. ನಾವು ಹೇಳಿದೆವು. ಗ್ಲೂಕೋಸ್ ಪೊಟ್ಟಣ ಈಗ ಮೇಷ್ಟ್ರ ಮೇಜಿನಲ್ಲಿರುತ್ತದೆ. ತರಗತಿಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ಏನಾದರೂ ತಿನ್ನಲು ಇಂಥ ಮಕ್ಕಳಿಗೆ ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲೇ ರಾಜ್ಯಗಳಿಗೆ ಬರೆದಿದೆ. ಹೆದರುವ ತಂದೆತಾಯಿ ಇದನ್ನು ತಿಳಿದಿರಬೇಕು.

ನಮ್ಮೂರ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ತೈಲಾಭಿಷೇಕ ಆಗುವಾಗ ನಾವೂ ಎಣ್ಣೆಯ ಹರಕೆ ಒಪ್ಪಿಸಿದ್ದೇವೆ. ಮನಸ್ಸಿಗೆ ಅದೂ ಬೇಕು. ಆದರೆ ಯಾರೋ ಬೇರು ಕೊಡುತ್ತಾರೆಂದು ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಆಮ್ಲ ಏರಿ ಮಗು ಐಸಿಯು ಸೇರುತ್ತದೆ, ಜೀವಕ್ಕೇ ಕುತ್ತು.

1995ರಿಂದ 2008ರವರೆಗಿನ ಕರ್ನಾಟಕದ ದಾಖಲಾತಿಯ ಪ್ರಕಾರ, ಲಕ್ಷಕ್ಕೆ ವರ್ಷಕ್ಕೆ ಸುಮಾರು ನಾಲ್ಕು ಮಕ್ಕಳಿಗೆ ಈ ಕಾಯಿಲೆ ಹೊಸದಾಗಿ ಬರುತ್ತಿತ್ತು. ಅಂದರೆ ಊರಿನಲ್ಲಿ ನಮ್ಮ ಮಾತು ಅರ್ಥವಾಗುವ ಇನ್ನೊಂದು ಮನೆ ಸಿಗುವುದೇ ಕಷ್ಟ. ಆಸ್ಪತ್ರೆಯ ಸಾಲಿನಲ್ಲಿ ಪರಿಚಯವಾದ ಹಡಗಲಿ ಕಡೆಯ ಒಬ್ಬ ತಾಯಿಗೆ ನಾನು ಫೋನು ಮಾಡುತ್ತೇನೆ, ಅವರೂ ಮಾಡುತ್ತಾರೆ. ವೈದ್ಯರ ಬಳಿ ಕೇಳಲಾಗದ್ದನ್ನು, ಅತ್ತೆಯ ಎದುರು ಆಡಲಾಗದ್ದನ್ನು ಅಲ್ಲಿ ಆಡುತ್ತೇವೆ. ಸಾಲಿನಲ್ಲಿ ಸಿಕ್ಕವರ ನಂಬರ್ ತಪ್ಪದೇ ಇಸಿದುಕೊಳ್ಳಿ.

ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ಸೇರಿದಾಗ ಕೆಲಸಕ್ಕೆ ಬರುತ್ತದೆ, ಮನೆಯಲ್ಲಿ ಬಳಸುವ ಪಟ್ಟಿಗೆ ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಈ ಕಾಯಿಲೆ ಇಲ್ಲ. ಸರ್ಕಾರದ ಶುಗರ್ ತಪಾಸಣೆ ಇರುವುದು 30 ದಾಟಿದವರಿಗೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮಕ್ಕಳ ಹೆಸರು ಬರೆದುಕೊಂಡು, ಇನ್ಸುಲಿನ್ ಜೊತೆಗೆ ತಿಂಗಳ ಪಟ್ಟಿಯನ್ನೂ ಕೊಡಬೇಕು. ತಾಲ್ಲೂಕಿಗೆ ಎಷ್ಟು ಮಕ್ಕಳು ಇದ್ದಾರು? ಸರ್ಕಾರಕ್ಕೆ ಇದು ಹೊರೆಯಾಗದು.